ಗಂಟೇ ಇಲ್ಲದ ಬೇರನ್ನು ಬ್ಯಾಕ್ಟೀರಿಯಾ ಹಿಡಿದುಕೊಳ್ಳುವುದು ಹೇಗೆ?

ಪ್ರಶ್ನೆ: ಕಡಲೆ, ಹೆಸರು, ಸೋಯಾ ಬೆಳೆಗಳ ಬೇರಿನಲ್ಲಿ ಗಂಟು ಇರುತ್ತದೆ, ಅದರೊಳಗೆ ಬ್ಯಾಕ್ಟೀರಿಯಾ ಇರುತ್ತದೆ ಎಂದು ಗೊತ್ತು. ಆದರೆ ಗೋಧಿ, ಮೆಕ್ಕೆಜೋಳ, ಭತ್ತದ ಬೇರಿನಲ್ಲಿ ಗಂಟೇ ಇಲ್ಲವಲ್ಲ. ಹಾಗಾದರೆ ಬೀಜಕ್ಕೆ ಲೇಪಿಸಿದ ಅಜೋಸ್ಪಿರಿಲಮ್ ಎಂಬ ಬ್ಯಾಕ್ಟೀರಿಯಾ ಬೇರಿಗೆ ಅಂಟಿಕೊಳ್ಳುವುದು ಹೇಗೆ? ನೀರು ಬಿಟ್ಟರೆ ತೊಳೆದುಹೋಗುವುದಿಲ್ವಾ? ಒಂದು ವರ್ಷ ಬಳಸಿದಾಗ ಪೈರು ಚೆನ್ನಾಗಿ ಬಂತು, ಮರುವರ್ಷ ಏನೂ ವ್ಯತ್ಯಾಸ ಕಾಣಲಿಲ್ಲ. ಎರಡು ಪಟ್ಟು ಹಾಕಿದರೆ ಸರಿಹೋಗುತ್ತಾ?

ಉತ್ತರ: ಮೊದಲು ಒಂದು ಸಣ್ಣ ಕೆಲಸ ಮಾಡಿ. ಹತ್ತು ದಿನದ ಗೋಧಿ ಸಸಿಯೊಂದನ್ನು ಬುಡಸಮೇತ ಅಗೆದು ತೆಗೆಯಿರಿ. ಎಳೆಯಬೇಡಿ, ಬೇರು ಹರಿಯುತ್ತದೆ. ಮಣ್ಣು ಹದವಾಗಿರಲಿ, ತೀರಾ ಒಣಗಿರಬಾರದು, ಕೆಸರೂ ಆಗಿರಬಾರದು. ತೆಗೆದ ಸಸಿಯನ್ನು ಒಂದೆರಡು ಸಲ ಮೆಲ್ಲಗೆ ಕೊಡವಿ. ಬಿಡಿ ಮಣ್ಣೆಲ್ಲ ಉದುರುತ್ತದೆ. ಆದರೂ ಬೇರಿನ ಉದ್ದಕ್ಕೂ ಒಂದು ತೆಳು ಪದರ ಮಣ್ಣು ಉದುರದೆ ಸುತ್ತಿಕೊಂಡೇ ಇರುತ್ತದೆ, ಬೇರಿಗೆ ಉದ್ದ ತೋಳಿನ ಅಂಗಿ ಹಾಕಿದ ಹಾಗೆ. ಈಗ ತುದಿ ನೋಡಿ. ಕೊನೆಯ ಒಂದೆರಡು ಸೆಂಟಿಮೀಟರ್ ಮಾತ್ರ ತೊಳೆದಿಟ್ಟಂತೆ ಬೆಳ್ಳಗಿರುತ್ತದೆ. ಅಲ್ಲಿ ಒಂದು ಕಾಳು ಮಣ್ಣೂ ಇಲ್ಲ.

ನೀವು ಕೇಳಿದ್ದಕ್ಕೆ ಅರ್ಧ ಉತ್ತರ ಆ ಸಸಿಯಲ್ಲೇ ಇದೆ. ಮಣ್ಣು ಅಂಟಿರುವ ಭಾಗದಲ್ಲಿ ಬೇರಿನ ರೋಮಗಳಿವೆ, ಲೋಳೆ ಇದೆ. ಆ ಲೋಳೆಯಲ್ಲಿ ಸ್ವಲ್ಪ ಗಿಡದ್ದು, ಸ್ವಲ್ಪ ಬ್ಯಾಕ್ಟೀರಿಯಾದ್ದು. ಬೆಳ್ಳಗಿನ ತುದಿ ಇವತ್ತು ಅಥವಾ ನಿನ್ನೆ ಹುಟ್ಟಿದ ಭಾಗ. ರೋಮ ಇನ್ನೂ ಮೂಡಿಲ್ಲ, ಬ್ಯಾಕ್ಟೀರಿಯಾ ಇನ್ನೂ ಬಂದು ನೆಲೆ ನಿಂತಿಲ್ಲ. ಅಂದರೆ ಬೇರಿನ ಮೇಲೆ ಹಳೆಯ ಜಾಗ, ಹೊಸ ಜಾಗ ಎಂದು ಎರಡಿವೆ. ಹೊಸ ಜಾಗ ದಿನವೂ ಹುಟ್ಟುತ್ತಲೇ ಇರುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ದ್ವಿದಳ ಬೆಳೆಯಲ್ಲಿ ಗಿಡವೇ ಬ್ಯಾಕ್ಟೀರಿಯಾಗೆ ಮನೆ ಕಟ್ಟಿಕೊಡುತ್ತದೆ. ಅದೇ ಗಂಟು. ಏಕದಳ ಧಾನ್ಯಗಳಲ್ಲಿ ಆ ಏರ್ಪಾಡಿಲ್ಲ. ಇಲ್ಲಿ ಬ್ಯಾಕ್ಟೀರಿಯಾ ಬೇರಿನ ಹೊರಮೈ ಮೇಲೆ, ಜೀವಕೋಶಗಳ ನಡುವಿನ ಸಂದಿಯಲ್ಲಿ, ಕೆಲವು ಸಲ ಹೊರಪದರದ ಒಳಗೆ ಸ್ವಲ್ಪ ದೂರ, ಹೀಗೆ ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಬದುಕುತ್ತದೆ. ಬೇರಿನ ಸುತ್ತಲಿನ ಈ ತೆಳು ಮಣ್ಣಿನ ಪದರಕ್ಕೆ ರೈಜೋಸ್ಫಿಯರ್ ಎಂದು ಹೆಸರಿಟ್ಟವರು ಜರ್ಮನಿಯ ಲೊರೆಂಜ್ ಹಿಲ್ಟ್ನರ್, 1904ರಲ್ಲಿ. ನೀವು ಬಳಸಿದ ಬ್ಯಾಕ್ಟೀರಿಯಾವನ್ನು ಡಚ್ ವಿಜ್ಞಾನಿ ಬೈಜೆರಿಂಕ್ 1925ರಲ್ಲೇ ಬೇರೆ ಹೆಸರಿನಲ್ಲಿ ವರ್ಣಿಸಿದ್ದರು. ಆಮೇಲೆ ಹೆಚ್ಚುಕಡಿಮೆ ಎಲ್ಲರೂ ಮರೆತರು. ಬ್ರೆಜಿಲ್‌ನಲ್ಲಿ ಕೆಲಸ ಮಾಡುತ್ತಿದ್ದ ಯೊಹಾನಾ ಡೊಬರೈನರ್ ಎಂಬ ವಿಜ್ಞಾನಿ 1970ರ ದಶಕದಲ್ಲಿ ಹುಲ್ಲು ಮತ್ತು ಧಾನ್ಯದ ಬೇರುಗಳಲ್ಲಿ ಅದನ್ನು ಮತ್ತೆ ಹುಡುಕಿದರು. ಅಜೋಸ್ಪಿರಿಲಮ್ ಎಂಬ ಹೆಸರು ಬಂದದ್ದು 1978ರಲ್ಲಿ.

ಈಗ ಅಂಟುವ ವಿಷಯ. ಅಂಟಬೇಕಾದರೆ ಮೊದಲು ಬೇರಿನ ಹತ್ತಿರ ಬರಬೇಕು, ಅಲ್ವಾ?

ಬೇರು ಸುಮ್ನೆ ನೀರು ಹೀರುವ ಕೊಳವೆಯಲ್ಲ. ಎಲೆ ಬಿಸಿಲಿನಲ್ಲಿ ತಯಾರಿಸಿದ ಆಹಾರದಲ್ಲಿ ಒಂದು ಪಾಲನ್ನು ಅದು ಮಣ್ಣಿಗೆ ಬಿಡುತ್ತದೆ. ಈ ಪಾಲು ಸಣ್ಣದಲ್ಲ. ಬೆಳೆ, ವಯಸ್ಸು, ಮಣ್ಣು ನೋಡಿಕೊಂಡು ಹತ್ತರಲ್ಲಿ ಒಂದು ಭಾಗದ ಆಸುಪಾಸು ಇರಬಹುದು, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ. ಸಕ್ಕರೆ, ಅಮೈನೊ ಆಮ್ಲ, ಮ್ಯಾಲಿಕ್ ಆಮ್ಲ, ಸಕ್ಸಿನಿಕ್ ಆಮ್ಲ, ಜೊತೆಗೆ ಬೇರುತುದಿಯ ಟೋಪಿಯಿಂದ ಒಸರುವ ಲೋಳೆ. ಮೆಕ್ಕೆಜೋಳದ ಬೀಜವನ್ನು ಒದ್ದೆ ಕಾಗದದ ಮೇಲೆ ಮೊಳಕೆ ಬರಿಸಿ, ಎಳೆ ಬೇರಿನ ತುದಿಯನ್ನು ಸ್ವಲ್ಪ ಹೊತ್ತು ನೀರಿನಲ್ಲಿ ಅದ್ದಿ ನೋಡಿ. ತುದಿಗೆ ಒಂದು ಪಾರದರ್ಶಕ ಹನಿ ಕಟ್ಟಿಕೊಳ್ಳುತ್ತದೆ. ಬೆರಳಲ್ಲಿ ಮುಟ್ಟಿದರೆ ಜಾರುತ್ತದೆ. ಅದೇ ಲೋಳೆ. ಮಣ್ಣಿನ ಕಣಗಳ ನಡುವೆ ಬೇರು ಉಜ್ಜಿಕೊಂಡು ಹೋಗುವಾಗ ಗಾಯವಾಗದಂತೆ ಕಾಯುವುದು ಅದರ ಒಂದು ಕೆಲಸ. ಬ್ಯಾಕ್ಟೀರಿಯಾಗೆ ಅದು ಊಟವೂ ಹೌದು, ಹಾಸಿಗೆಯೂ ಹೌದು.

ಅಜೋಸ್ಪಿರಿಲಮ್ ಈ ಆಮ್ಲಗಳ ವಾಸನೆ ಹಿಡಿದು ಬರುತ್ತದೆ. ವಾಸನೆ ಅಂದರೆ ಮೂಗಿನದ್ದಲ್ಲ. ಯಾವ ಕಡೆ ಆಮ್ಲ ಜಾಸ್ತಿ ಇದೆ ಎಂದು ಅದರ ಹೊರಮೈಯಲ್ಲಿರುವ ಪ್ರೋಟೀನ್‌ಗಳು ಗುರುತಿಸುತ್ತವೆ, ಅದು ಆ ಕಡೆ ಈಜುತ್ತದೆ. ಇನ್ನೊಂದು ಸೆಳೆತವೂ ಇದೆ. ಅದಕ್ಕೆ ಆಮ್ಲಜನಕ ಬೇಕು, ಆದರೆ ತುಂಬ ಕಡಿಮೆ. ಬೇರು ಉಸಿರಾಡುವುದರಿಂದ ಅದರ ಸುತ್ತ ಆಮ್ಲಜನಕ ಕಡಿಮೆಯಾಗಿರುತ್ತದೆ. ಆ ಜಾಗ ಇದಕ್ಕೆ ಹಿತ. ಬ್ಯಾಕ್ಟೀರಿಯಾದ ಅಗಲ ಸುಮಾರು ಒಂದು ಮೈಕ್ರೋಮೀಟರ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಉದ್ದ ಎರಡರಿಂದ ನಾಲ್ಕು. ಹಿಂದೆ ಒಂದೇ ಒಂದು ಉದ್ದನೆಯ ಬಾಲ, ಪಠ್ಯಪುಸ್ತಕದಲ್ಲಿ ಕಶಾಂಗ ಎನ್ನುತ್ತಾರೆ. ಆ ಬಾಲವನ್ನು ತಿರುಗಿಸಿಕೊಂಡು ಸೆಕೆಂಡಿಗೆ ತನ್ನ ಮೈಯ ಹಲವು ಪಟ್ಟು ದೂರ ಈಜುತ್ತದೆ. ನೀರಿನಲ್ಲಾದರೆ ಮಿಲಿಮೀಟರು ದೂರ ಏನೂ ಅಲ್ಲ. ಮಣ್ಣಿನಲ್ಲಿ ಹಾಗಲ್ಲ. ಕಣಗಳ ಸುತ್ತ ನೀರಿನ ತೆಳು ಪದರ ಇದ್ದರೆ ಮಾತ್ರ ಈಜಬಹುದು. ಮಣ್ಣು ಒಣಗಿದರೆ ಆ ಪದರ ಅಲ್ಲಲ್ಲಿ ತುಂಡಾಗುತ್ತದೆ. ಬ್ಯಾಕ್ಟೀರಿಯಾ ಜೀವಂತ ಇದ್ದರೂ ಇದ್ದಲ್ಲೇ ಸಿಕ್ಕಿಬೀಳುತ್ತದೆ.

ಹತ್ತಿರ ಬಂದಾಯಿತು ಅಂದುಕೊಳ್ಳಿ. ಈಗ ಒಂದು ತೊಡಕಿದೆ. ಬೇರಿನ ಹೊರಮೈಯಲ್ಲಿ ಋಣ ವಿದ್ಯುದಂಶ ಇರುತ್ತದೆ. ಬ್ಯಾಕ್ಟೀರಿಯಾದ ಹೊರಮೈಯಲ್ಲೂ ಋಣವೇ. ಎರಡೂ ಒಂದನ್ನೊಂದು ದೂರ ತಳ್ಳುತ್ತವೆ. ಒಂದೇ ಧ್ರುವದ ಎರಡು ಅಯಸ್ಕಾಂತಗಳನ್ನು ಎದುರೆದುರು ಹಿಡಿದಾಗ ಕೈಗೆ ತಿಳಿಯುತ್ತದಲ್ಲ, ಆ ತರಹದ ತಳ್ಳಾಟ. ಮಣ್ಣಿನ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡರ ನಡುವೆ ನಿಂತು ಈ ತಳ್ಳಾಟವನ್ನು ಸ್ವಲ್ಪ ತಗ್ಗಿಸುತ್ತವೆ. ಆದರೂ ಮೈಗೆ ಮೈ ತಾಗಿಸುವುದು ಸುಲಭವಲ್ಲ. ದಪ್ಪ ಮೈ ತಾಗಲಾರದ ಕಡೆ ಸಣ್ಣ ಎಳೆ ತಾಗಬಲ್ಲದು. ಅಜೋಸ್ಪಿರಿಲಮ್ ಮಾಡುವುದು ಇದನ್ನೇ. ಈಜಲು ಬಳಸಿದ ಅದೇ ಬಾಲದಿಂದ ಬೇರನ್ನು ಮೊದಲು ಮುಟ್ಟುತ್ತದೆ.

ಇದು ಊಹೆಯಲ್ಲ. ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 1990ರ ದಶಕದ ಮೊದಲ ವರ್ಷಗಳಲ್ಲಿ ಗೋಧಿ ಬೇರಿನ ಮೇಲೆ ಇದನ್ನು ಬಿಡಿಸಿ ತೋರಿಸಿದರು. ಬಾಲ ಇಲ್ಲದ ಅಜೋಸ್ಪಿರಿಲಮ್ ತಳಿಗಳನ್ನು ಬೇರಿನ ಜೊತೆ ಬಿಟ್ಟರು. ಅವು ಬೇರಿಗೆ ಹತ್ತಲೇ ಇಲ್ಲ. ಆಮೇಲೆ ಬ್ಯಾಕ್ಟೀರಿಯಾದಿಂದ ಬಾಲಗಳನ್ನು ಮಾತ್ರ ಬೇರ್ಪಡಿಸಿ, ಶುದ್ಧ ಮಾಡಿ, ಗೋಧಿ ಬೇರಿಗೆ ಹಾಕಿದರು. ಬರೀ ಬಾಲವೇ ಹೋಗಿ ಬೇರಿಗೆ ಅಂಟಿತು! ಇದೇ ಬ್ಯಾಕ್ಟೀರಿಯಾಗೆ ಇನ್ನೊಂದು ಬಗೆಯ ಬಾಲಗಳೂ ಇವೆ, ಮೈಯ ಪಕ್ಕದಲ್ಲಿ ಸಣ್ಣಸಣ್ಣವು, ಗಟ್ಟಿ ಮೈ ಮೇಲೆ ಗುಂಪಾಗಿ ಹರಿದಾಡಲು ಬಳಸುವಂಥವು. ಆ ಪಕ್ಕದ ಬಾಲಗಳನ್ನು ಹಾಕಿದರೆ ಅಂಟಲಿಲ್ಲ. ಹಿಂಬದಿಯ ಉದ್ದ ಬಾಲಕ್ಕೆ ಮಾತ್ರ ಆ ಗುಣ. ಅದರ ಪ್ರೋಟೀನ್ ಮೇಲೆ ಸಕ್ಕರೆಯ ತುಣುಕುಗಳು ಜೋಡಿಕೊಂಡಿರುತ್ತವೆ. ಈಜುವ ಅಂಗವೇ ಕೈಯೂ ಆಗುವುದು ನನಗೆ ಇವತ್ತಿಗೂ ತುಂಬ ಇಷ್ಟವಾದ ಸಂಗತಿ. ಎಷ್ಟು ಸಲ ಪಾಠ ಮಾಡಿದರೂ ಇದನ್ನು ಹೇಳುವಾಗ ಬೇಸರ ಬಂದಿಲ್ಲ.

ಆದರೆ ಇದು ಮುಟ್ಟುವುದಷ್ಟೇ, ಹಿಡಿಯುವುದಲ್ಲ. ಈ ಎರಡರ ವ್ಯತ್ಯಾಸವೇ ನಿಮ್ಮ ಇಡೀ ಪ್ರಶ್ನೆಯ ತಿರುಳು.

ಮುಟ್ಟುವ ಹಂತ ಬೇಗ ಮುಗಿಯುತ್ತದೆ. ಸುಮಾರು ಎರಡು ಗಂಟೆಯಲ್ಲಿ ಎಷ್ಟು ಹತ್ತಬೇಕೋ ಅಷ್ಟು ಹತ್ತಿರುತ್ತವೆ. ಆದರೆ ಹಿಡಿತ ಸಡಿಲ. ಈ ಹೊತ್ತಿನಲ್ಲಿ ಬೇರನ್ನು ನೀರಿನಲ್ಲಿ ಅಲುಗಾಡಿಸಿ ತೊಳೆದರೆ ಬಹುಪಾಲು ಬಿಟ್ಟುಹೋಗುತ್ತವೆ. ಎರಡನೆಯ ಹಂತ ನಿಧಾನ. ಎಂಟು ಗಂಟೆಯಿಂದ ಹದಿನಾರು ಗಂಟೆವರೆಗೆ ಹಿಡಿಯುತ್ತದೆ. ಈ ಹೊತ್ತಿನಲ್ಲಿ ಬ್ಯಾಕ್ಟೀರಿಯಾ ತನ್ನ ಮೈಯಿಂದ ಸಕ್ಕರೆಗಳ ಉದ್ದ ಸರಪಳಿಗಳನ್ನು ಹೊರಗೆ ಬಿಡುತ್ತದೆ. ಪಾಲಿಸ್ಯಾಕರೈಡ್ ಎಂದು ಅದರ ಹೆಸರು. ಅದು ಅಂಟಿನ ಹಾಗೆ ಹರಡಿಕೊಳ್ಳುತ್ತದೆ, ಎಳೆ ಎಳೆಯಾಗಿ ಬೇರಿನ ಮೈಗೆ ಸಿಕ್ಕಿಕೊಳ್ಳುತ್ತದೆ. ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೂ ಅದೇ ಎಳೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರದಲ್ಲಿ ನೋಡಿದರೆ ಜೇಡ ನೇಯ್ದ ಬಲೆಯೊಳಗೆ ಸಣ್ಣ ಕಡ್ಡಿಗಳು ಸಿಕ್ಕಿಕೊಂಡ ಹಾಗೆ ಕಾಣುತ್ತದೆ. ಕಡ್ಡಿ ಅಂದರೆ ಬ್ಯಾಕ್ಟೀರಿಯಾ, ಬಲೆ ಅಂದರೆ ಅವು ತಾವೇ ಬಿಟ್ಟ ಎಳೆ. ಈ ಹಂತ ಮುಗಿದ ಮೇಲೆ ತೊಳೆದರೂ ಅವು ಹೋಗುವುದಿಲ್ಲ. ಎಣಿಸಬೇಕಾದರೆ ಪ್ರಯೋಗಾಲಯದಲ್ಲಿ ಬೇರನ್ನೇ ಅರೆದು ಎಣಿಸುತ್ತಾರೆ.

ಅವುಗಳ ಹೊರಪೊರೆಯಲ್ಲಿ ಹೇರಳವಾಗಿರುವ ಒಂದು ಪ್ರೋಟೀನ್ ಕೂಡ ಇಲ್ಲಿ ನೆರವಾಗುತ್ತದೆ. ಆ ಪ್ರೋಟೀನನ್ನು ಬೇರ್ಪಡಿಸಿ ಬೇರೆಬೇರೆ ಬೆಳೆಗಳ ಬೇರಿನ ರಸದ ಜೊತೆ ಹಿಡಿದು ನೋಡಿದಾಗ, ದ್ವಿದಳ ಬೆಳೆ ಮತ್ತು ಟೊಮೆಟೊಗಿಂತ ಧಾನ್ಯ ಬೆಳೆಗಳ ರಸಕ್ಕೆ ಹೆಚ್ಚು ಬಲವಾಗಿ ಅಂಟಿತು. ಅಜೋಸ್ಪಿರಿಲಮ್ ಹಲವು ಜಾತಿಯ ಗಿಡಗಳ ಬೇರಿನಲ್ಲಿ ಬದುಕಬಲ್ಲದು. ಆದರೂ ಹುಲ್ಲಿನ ಜಾತಿಯ ಕಡೆ ಅದಕ್ಕೆ ಸ್ವಲ್ಪ ಒಲವು ಇದೆ ಎಂದು ಇದರಿಂದ ತಿಳಿಯುತ್ತದೆ.

ಹಾಗಾದರೆ ನೀರು ಬಿಟ್ಟರೆ ತೊಳೆದುಹೋಗುತ್ತದೆಯೇ? ಬೇರನ್ನು ಹಿಡಿದುಕೊಂಡ ಮೇಲೆ ಹೋಗುವುದಿಲ್ಲ. ಸಡಿಲವಾಗಿ ಮುಟ್ಟಿರುವ ಹೊತ್ತಿನಲ್ಲಿ, ಅಥವಾ ಇನ್ನೂ ಬೀಜದ ಮೇಲಿನ ಲೇಪದಲ್ಲೇ ಇರುವಾಗ, ಜೋರು ನೀರು ಹರಿದರೆ ಒಂದಷ್ಟು ಹೋಗಬಹುದು. ಅದರಲ್ಲೂ ಜೇಡಿ ಅಂಶ ಮತ್ತು ಕೊಳೆತ ಕಸಕಡ್ಡಿ ಇರುವ ಮಣ್ಣಿನಲ್ಲಿ ಅವು ಬಹಳ ದೂರ ಹೋಗುವುದಿಲ್ಲ. ಮಣ್ಣಿನ ಕಣಗಳಿಗೇ ಹತ್ತಿಕೊಳ್ಳುತ್ತವೆ. ಬರೀ ಮರಳು ಇರುವಲ್ಲಿ ಈ ತಡೆ ಕಡಿಮೆ. ಇನ್ನೊಂದು ಕಡೆಯಿಂದ ನೋಡಿದರೆ ಹದವಾಗಿ ಇಳಿಯುವ ನೀರು ಉಪಕಾರವನ್ನೂ ಮಾಡುತ್ತದೆ, ಬೀಜದ ಹತ್ತಿರ ಇರುವ ಬ್ಯಾಕ್ಟೀರಿಯಾವನ್ನು ಬೇರಿನ ಜೊತೆ ಕೆಳಗೆ ಒಯ್ಯುತ್ತದೆ. ಹಾಗಾಗಿ ನೀರಿಗೆ ಅಂಜಬೇಡಿ. ಬಿತ್ತಿದ ಮೊದಲ ದಿನಗಳಲ್ಲಿ ಒಣಗುವುದಕ್ಕೆ ಅಂಜಿ.

ಬೇರಿನ ಮೇಲೆ ಎಲ್ಲೆಲ್ಲಿ ಹಿಡಿದುಕೊಳ್ಳುತ್ತವೆ ಎನ್ನುವುದೂ ಮುಖ್ಯ. ಬೇರಿಗೆ ಬಣ್ಣ ಬಳಿದ ಹಾಗೆ ಎಲ್ಲ ಕಡೆ ಹರಡಿರುತ್ತವೆ ಎಂದು ಜನ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಮೊದಲ ಸಲ ಸೂಕ್ಷ್ಮದರ್ಶಕದಲ್ಲಿ ಗೋಧಿ ಬೇರು ನೋಡಿದಾಗ ಬಹಳ ಹೊತ್ತು ಬರೀ ಬೋಳು ಮೈ ಕಂಡಿತು, ಎಲ್ಲೋ ತಪ್ಪು ಮಾಡಿದೆ ಅನ್ನಿಸಿತು. ಬೇರನ್ನು ಸ್ವಲ್ಪ ಸರಿಸಿದಾಗ ಎರಡು ಜೀವಕೋಶಗಳು ಕೂಡುವ ಗೆರೆಯ ಉದ್ದಕ್ಕೆ ಸಾಲಾಗಿ ಕುಳಿತಿದ್ದವು, ಗದ್ದೆಯ ಬದುವಿನಲ್ಲಿ ಹುಲ್ಲು ಹುಟ್ಟಿದ ಹಾಗೆ. ಇನ್ನೂ ಸರಿಸಿದಾಗ ಪಕ್ಕದ ಬೇರೊಂದು ಹೊರಬರುತ್ತಿದ್ದ ಜಾಗ ಸಿಕ್ಕಿತು. ಅಲ್ಲಿ ಜಾತ್ರೆ.

ಅದಕ್ಕೆ ಕಾರಣ ಇದೆ. ಪಕ್ಕದ ಬೇರು ತಾಯಿ ಬೇರಿನ ಒಳಗಿನಿಂದ ಹುಟ್ಟುತ್ತದೆ. ಹೊರಪದರವನ್ನು ಸೀಳಿಕೊಂಡೇ ಆಚೆ ಬರಬೇಕು. ಸೀಳಿದ ಜಾಗದಲ್ಲಿ ರಸ ಒಸರುತ್ತದೆ. ಊಟ ಸಿಗುತ್ತದೆ, ಅಡಗಲು ಸಂದಿಯೂ ಸಿಗುತ್ತದೆ. ಕೆಲವು ತಳಿಗಳು ಅದೇ ಬಿರುಕಿನಿಂದ ಒಳಗೂ ಹೋಗುತ್ತವೆ. ಬ್ರೆಜಿಲ್‌ನ ಗೋಧಿ ಬೇರಿನಿಂದ ತೆಗೆದ ಎಸ್‌ಪಿ245 ಎಂಬ ಅಜೋಸ್ಪಿರಿಲಮ್ ತಳಿ ಹೊರಪದರದ ಜೀವಕೋಶಗಳ ನಡುವೆ ಕಂಡುಬಂದಿದೆ. ಎಸ್‌ಪಿ7 ಎಂಬ ಇನ್ನೊಂದು ಪ್ರಸಿದ್ಧ ತಳಿ ಹೆಚ್ಚಾಗಿ ಹೊರಮೈಯಲ್ಲೇ ಉಳಿಯುತ್ತದೆ. ಹೆಸರು ಒಂದೇ ಆದರೂ ತಳಿ ಬೇರೆಯಾದರೆ ನಡವಳಿಕೆ ಬೇರೆ. ಇವಲ್ಲದೆ ಬೇರು ಉದ್ದವಾಗುವ ಭಾಗ, ರೋಮ ಮೂಡುವ ಭಾಗ, ಇವು ಅದರ ಇಷ್ಟದ ಜಾಗಗಳು. ಮಣ್ಣಿನಲ್ಲಿರುವ ಎಲ್ಲ ಬಗೆಯ ಬ್ಯಾಕ್ಟೀರಿಯಾ ಸೇರಿದರೂ ಬೇರಿನ ಮೈಯ ಸುಮಾರು ಹತ್ತನೇ ಒಂದು ಭಾಗವಷ್ಟೇ ತುಂಬುತ್ತದೆ. ಉಳಿದದ್ದು ಖಾಲಿ. ಖಾಲಿ ಇದ್ದರೂ ಒಳ್ಳೆಯ ಜಾಗಗಳು ಕೆಲವೇ. ಪೈಪೋಟಿ ನಡೆಯುವುದು ಅವುಗಳಿಗಾಗಿ.

ಈಗ ಆ ಬೆಳ್ಳಗಿನ ತುದಿಗೆ ವಾಪಸ್ ಬರೋಣ. ಎಳೆ ಬೇರು ದಿನಕ್ಕೆ ಒಂದೆರಡು ಸೆಂಟಿಮೀಟರ್ ಬೆಳೆಯುತ್ತದೆ. ಬೀಜದ ಮೇಲಿದ್ದ ಬ್ಯಾಕ್ಟೀರಿಯಾ ಬೇರಿನ ಬುಡದಲ್ಲಿ ಹಿಡಿದುಕೊಂಡಿತು ಅನ್ನಿ. ಹದಿನಾರು ಗಂಟೆ ಕಳೆದು ಹಿಡಿತ ಗಟ್ಟಿಯಾಗುವ ಹೊತ್ತಿಗೆ ಬೇರಿನ ತುದಿ ಬ್ಯಾಕ್ಟೀರಿಯಾದ ಲೆಕ್ಕದಲ್ಲಿ ಬಹಳ ದೂರ ಹೋಗಿಬಿಟ್ಟಿರುತ್ತದೆ. ಗಟ್ಟಿಯಾಗಿ ಹಿಡಿದದ್ದು ಅಲ್ಲೇ ಉಳಿಯುತ್ತದೆ. ತುದಿಯ ಜೊತೆ ಹೋಗಲು ಅದಕ್ಕಾಗುವುದಿಲ್ಲ. ಅದರ ಮರಿಗಳಲ್ಲಿ ಕೆಲವು ಹಿಡಿತ ಬಿಟ್ಟು, ಬಾಲ ಬೆಳೆಸಿಕೊಂಡು, ಈಜಿ, ಮುಂದೆ ಹೋಗಿ ಮತ್ತೆ ಮುಟ್ಟಿ ಮತ್ತೆ ಹಿಡಿಯಬೇಕು. ಬೆಳೆ ಇರುವಷ್ಟು ದಿನ ಇದು ನಡೆಯುತ್ತಲೇ ಇರುತ್ತದೆ. ಬೀಜೋಪಚಾರ ಮಾಡಿದ ಬೆಳೆಯಲ್ಲಿ ಮೇಲಿನ ಬೇರುಗಳಲ್ಲಿ ನಾವು ಹಾಕಿದ ಬ್ಯಾಕ್ಟೀರಿಯಾ ಜಾಸ್ತಿ, ಆಳದ ಬೇರುಗಳಲ್ಲಿ ಕಡಿಮೆ ಇರುವುದು ಇದೇ ಕಾರಣಕ್ಕೆ. ಆಳದಲ್ಲಿ ಮೊದಲೇ ಇದ್ದ ಮಣ್ಣಿನ ಬ್ಯಾಕ್ಟೀರಿಯಾಗಳು ಹೊಸ ತುದಿಯನ್ನು ಮುಂಚೆಯೇ ಹಿಡಿದಿರುತ್ತವೆ.

ಹಿಡಿತ ಬಿಡುವುದೂ ಒಂದು ಕಲೆ. ಅದನ್ನು ಚೆನ್ನಾಗಿ ಅರ್ಥ ಮಾಡಿಸಿದ್ದು ಇನ್ನೊಂದು ಬ್ಯಾಕ್ಟೀರಿಯಾ, ಸ್ಯೂಡೊಮೊನಾಸ್. ಅದರ ಮೈಮೇಲೆ ಲ್ಯಾಪ್‌ಎ ಎಂಬ ಬಹಳ ದೊಡ್ಡ ಪ್ರೋಟೀನ್ ಇದೆ. ಮೆಕ್ಕೆಜೋಳದ ಬೀಜಕ್ಕೆ ಅಂಟಲು ಅದು ಬೇಕೇ ಬೇಕು. ರಂಜಕ ಸಾಕಷ್ಟು ಸಿಗುತ್ತಿರುವವರೆಗೂ ಲ್ಯಾಪ್‌ಎ ಹಿಡಿದುಕೊಂಡಿರುತ್ತದೆ. ರಂಜಕ ಕಡಿಮೆಯಾದರೆ ಬ್ಯಾಕ್ಟೀರಿಯಾದ ಒಳಗಿನ ಒಂದು ಸಂಕೇತ ಬದಲಾಗುತ್ತದೆ. ಆಗ ಇನ್ನೊಂದು ಪ್ರೋಟೀನ್ ಕತ್ತರಿಯ ಹಾಗೆ ಲ್ಯಾಪ್‌ಎಯನ್ನು ಕತ್ತರಿಸುತ್ತದೆ. ಬ್ಯಾಕ್ಟೀರಿಯಾ ಕಳಚಿಕೊಂಡು ಬೇರೆ ಜಾಗ ಹುಡುಕುತ್ತದೆ. ಎಂದರೆ ಅಂಟುವುದು ಗೋಡೆಗೆ ಕಾಗದ ಅಂಟಿಸಿದ ಹಾಗಲ್ಲ. ಲಾಭ ಇದ್ದಷ್ಟು ದಿನ ಹಿಡಿದಿರುತ್ತದೆ, ಇಲ್ಲವಾದರೆ ಬಿಡುತ್ತದೆ. ಅಂದಹಾಗೆ, ಸ್ಯೂಡೊಮೊನಾಸ್‌ನ ಕೆಲವು ತಳಿಗಳು ಗೋಧಿ ಬೇರಿನ ಮೇಲೆ ಶಿಲೀಂಧ್ರನಾಶಕ ವಸ್ತು ತಯಾರಿಸಿ ಬೇರು ಕೊಳೆಸುವ ಶಿಲೀಂಧ್ರವನ್ನು ತಡೆಯುತ್ತವೆ. ಅಲ್ಲೂ ಅಷ್ಟೆ, ಬೇರಿನ ಮೇಲೆ ಕೂತಿದ್ದರೆ ಮಾತ್ರ ಕಾವಲು.

ಬೇರೆ ಬ್ಯಾಕ್ಟೀರಿಯಾಗಳ ಉಪಾಯಗಳನ್ನು ಚುಟುಕಾಗಿ ಹೇಳುತ್ತೇನೆ. ಹುಲ್ಲಿನ ಬೇರಿನಲ್ಲಿರುವ ಕ್ಲೆಬ್ಸಿಯೆಲ್ಲಾ ಮೈಮೇಲಿನ ಗಿಡ್ಡ ರೋಮಗಳಿಂದ ಹಿಡಿಯುತ್ತದೆ. ಪಾಕಿಸ್ತಾನದ ಪಂಜಾಬಿನ ಚೌಳು ಮಣ್ಣಿನಲ್ಲಿ ಬೆಳೆಯುವ ಕಲ್ಲರ್ ಹುಲ್ಲಿನಿಂದ ತೆಗೆದ ಅಜೋಆರ್ಕಸ್ ಭತ್ತದ ಬೇರಿನಲ್ಲೂ ನೆಲೆಸುತ್ತದೆ. ಅದು ಬಳಸುವುದು ಇನ್ನೊಂದು ಬಗೆಯ ತೆಳು ಎಳೆಗಳನ್ನು. ಆ ಎಳೆ ಇಲ್ಲದ ತಳಿ ಭತ್ತದ ಬೇರಿಗೆ ಸರಿಯಾಗಿ ಹತ್ತುವುದಿಲ್ಲ. ಹರ್ಬಾಸ್ಪಿರಿಲಮ್ ತನ್ನ ಹೊರಪೊರೆಯ ಸಕ್ಕರೆ ಸರಪಳಿಗಳಿಂದ ಮೆಕ್ಕೆಜೋಳದ ಬೇರಿಗೆ ಅಂಟುತ್ತದೆ. ಬ್ಯಾಸಿಲಸ್ ಲೋಳೆ ಪದರ ಕಟ್ಟಿಕೊಂಡು ಕೂರುತ್ತದೆ, ಜೊತೆಗೆ ಬರಗಾಲ ತಡೆಯುವ ಬೀಜಕಣಗಳೂ ಅದಕ್ಕಿವೆ. ಹಾಗಾಗಿ ಪೊಟ್ಟಣದಲ್ಲಿ ಅದು ಹೆಚ್ಚು ದಿನ ಉಳಿಯುತ್ತದೆ. ಉಪಾಯ ಯಾವುದೇ ಇರಲಿ, ಮೊದಲು ಸಡಿಲವಾಗಿ ಮುಟ್ಟು, ಆಮೇಲೆ ಗಟ್ಟಿಯಾಗಿ ಹಿಡಿ ಎನ್ನುವ ಕ್ರಮ ಬಹುತೇಕ ಎಲ್ಲಕ್ಕೂ ಒಂದೇ.

ಲೋಳೆಯ ಮಹತ್ವ ತಿಳಿಯಬೇಕಾದರೆ ಮೆಕ್ಸಿಕೊದ ಸಿಯೆರಾ ಮಿಹೆ ಬೆಟ್ಟಗಳ ಮೆಕ್ಕೆಜೋಳ ನೋಡಬೇಕು. ಅದರ ಕಾಂಡದಿಂದ ನೆಲದ ಮೇಲೆಯೇ ದಪ್ಪ ಬೇರುಗಳು ಹೊರಡುತ್ತವೆ, ಗಾಳಿಯಲ್ಲಿ ನೇತಾಡುತ್ತವೆ. ಆ ಬೇರುಗಳಿಂದ ಜೇನಿನಂಥ ಲೋಳೆ ತೊಟ್ಟಿಕ್ಕುತ್ತದೆ. ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾಗಳು ಆ ಲೋಳೆಯಲ್ಲೇ ಬದುಕುತ್ತವೆ. ಆ ಗಿಡಗಳು ತಮ್ಮ ಸಾರಜನಕದಲ್ಲಿ ಶೇಕಡಾ 29ರಿಂದ 82ರಷ್ಟನ್ನು ಗಾಳಿಯಿಂದಲೇ ಪಡೆಯುತ್ತವೆ ಎಂದು 2018ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಗಂಟಿಲ್ಲದ ಬೆಳೆಯೂ ಬ್ಯಾಕ್ಟೀರಿಯಾವನ್ನು ಇಷ್ಟು ಚೆನ್ನಾಗಿ ಸಾಕಬಲ್ಲದು. ಆದರೆ ಸಾಮಾನ್ಯವಾಗಿ ಬಿತ್ತುವ ಮೆಕ್ಕೆಜೋಳದಲ್ಲಿ ಇಷ್ಟು ಲೋಳೆ ಬರುವುದಿಲ್ಲ. ಹಾಗಾಗಿ ಆ ಅಂಕಿಗಳನ್ನು ನಿಮ್ಮ ಬೆಳೆಗೆ ಅನ್ವಯಿಸಿಕೊಳ್ಳಬೇಡಿ.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಅಜೋಸ್ಪಿರಿಲಮ್ ಅಂದರೆ ಪುಕ್ಕಟೆ ಯೂರಿಯಾ ಎಂದು ನಂಬಿ ಗೊಬ್ಬರ ಪೂರ್ತಿ ನಿಲ್ಲಿಸಿದವರು ಇದ್ದಾರೆ. ಅವರಿಗೆ ನಷ್ಟವಾಗುತ್ತದೆ, ನನಗೆ ಸಂಕಟವಾಗುತ್ತದೆ. ಅದು ಗಾಳಿಯ ಸಾರಜನಕ ಹಿಡಿಯುವುದು ನಿಜ. ಆದರೆ ಹಿಡಿದದ್ದನ್ನು ಹೆಚ್ಚಾಗಿ ತಾನೇ ಬಳಸುತ್ತದೆ, ಗಿಡಕ್ಕೆ ಸಿಗುವುದು ಸ್ವಲ್ಪ. ಅದರ ದೊಡ್ಡ ಉಪಕಾರ ಬೇರೆ. ಅದು ಇಂಡೋಲ್ ಅಸೆಟಿಕ್ ಆಮ್ಲ ಎಂಬ ಬೆಳವಣಿಗೆಯ ಹಾರ್ಮೋನ್ ತಯಾರಿಸಿ ಬೇರಿಗೆ ಕೊಡುತ್ತದೆ. ಬೇರಿನಲ್ಲಿ ರೋಮಗಳು ಜಾಸ್ತಿಯಾಗುತ್ತವೆ, ಪಕ್ಕದ ಬೇರುಗಳು ಜಾಸ್ತಿಯಾಗುತ್ತವೆ. ಆಗ ಗಿಡ ಮಣ್ಣಿನಲ್ಲಿರುವ ನೀರು, ಗೊಬ್ಬರ ಎರಡನ್ನೂ ಚೆನ್ನಾಗಿ ಎಳೆದುಕೊಳ್ಳುತ್ತದೆ. ಸಾರಜನಕ ಹಿಡಿಯುವ ಶಕ್ತಿ ಕಳೆದುಕೊಂಡ ತಳಿಗಳು ಕೂಡ ಬೇರನ್ನು ಬೆಳೆಸಿದವು. ಹಾರ್ಮೋನ್ ಕಡಿಮೆ ತಯಾರಿಸುವ ತಳಿಯಲ್ಲಿ ಆ ಗುಣ ಕುಗ್ಗಿತು. ಅಂಟುವುದು ಯಾಕೆ ಇಷ್ಟು ಮುಖ್ಯ ಎನ್ನುವುದು ಇಲ್ಲೇ ಗೊತ್ತಾಗುತ್ತದೆ. ಮಣ್ಣಿನಲ್ಲಿ ಎಲ್ಲೋ ದೂರ ಬಿಟ್ಟ ಹಾರ್ಮೋನ್ ಬೇರಿಗೆ ತಲುಪುವ ಮೊದಲೇ ಬೇರೆ ಸೂಕ್ಷ್ಮಜೀವಿಗಳ ಪಾಲಾಗುತ್ತದೆ. ಮೈಗೆ ಮೈ ತಾಗಿ ಕೂತಿದ್ದರೆ ಕೊಟ್ಟದ್ದು ನೇರ ಬೇರಿಗೇ.

ಹಾಗಾದರೆ ಒಂದು ವರ್ಷ ಫಲ ಬಂದು ಮರುವರ್ಷ ಯಾಕೆ ಬರಲಿಲ್ಲ? ನಿಮ್ಮ ಹೊಲ ನೋಡದೆ ಇದೇ ಕಾರಣ ಎಂದು ಹೇಳಲಾರೆ. ಆದರೆ ನೀವು ಒಬ್ಬರೇ ಅಲ್ಲ. ಜಗತ್ತಿನ ಬೇರೆಬೇರೆ ಕಡೆ ಇಪ್ಪತ್ತು ವರ್ಷ ನಡೆದ ಪ್ರಯೋಗಗಳನ್ನು 1994ರಲ್ಲಿ ಒಟ್ಟಿಗೆ ಇಟ್ಟು ನೋಡಿದಾಗ, ನೂರಕ್ಕೆ 60ರಿಂದ 70 ಪ್ರಯೋಗಗಳಲ್ಲಿ ಇಳುವರಿ ಹೆಚ್ಚಿತ್ತು, ಹೆಚ್ಚಳ ಶೇಕಡಾ 5ರಿಂದ 30. ಉಳಿದವುಗಳಲ್ಲಿ ಇಲ್ಲ. ಅಂದರೆ ಮೂರರಲ್ಲಿ ಒಂದು ಸಲ ಫಲ ಕಾಣದಿರುವುದು ತಜ್ಞರ ಕೈಯಲ್ಲೂ ಆಗಿದೆ.

ನನ್ನ ಅನುಭವದಲ್ಲಿ ಎಡವುವುದು ಹೆಚ್ಚಾಗಿ ಒಂದೇ ಕಡೆ: ಬ್ಯಾಕ್ಟೀರಿಯಾ ಬೇರನ್ನು ಮುಟ್ಟುವ ಮೊದಲೇ ಸತ್ತಿರುತ್ತದೆ. ಬೀಜ ಬಿತ್ತಿ ಮೊಳಕೆಯ ಬೇರು ಹೊರಬರಲು ಎರಡು ಮೂರು ದಿನ ಬೇಕು. ಅಲ್ಲಿವರೆಗೆ ಅದು ಬೀಜದ ಒಣ ಸಿಪ್ಪೆಯ ಮೇಲೆ ಜೀವ ಹಿಡಿದುಕೊಂಡಿರಬೇಕು. ಲೇಪ ಮಾಡಿದ ಬೀಜವನ್ನು ಬಿಸಿಲಿನಲ್ಲಿ ಒಣಗಿಸಿದರೆ ಅಲ್ಲೇ ಕಥೆ ಮುಗಿಯಿತು. ನೆರಳಿನಲ್ಲಿ ಆರಿಸಿ, ಅದೇ ದಿನ ಬಿತ್ತಿ. ಶಿಲೀಂಧ್ರನಾಶಕ ಹಚ್ಚಿದ ಬೀಜವಾದರೆ ಅದರ ಮೇಲೆ ನೇರ ಲೇಪಿಸುವುದು ಅಪಾಯ. ಎರಡೂ ಬೇಕೇ ಬೇಕು ಅಂದರೆ ಔಷಧಿ ಮೊದಲು, ಅದು ಪೂರ್ತಿ ಒಣಗಿದ ಮೇಲೆ ಬ್ಯಾಕ್ಟೀರಿಯಾ, ಕೂಡಲೇ ಬಿತ್ತನೆ. ಅದಕ್ಕಿಂತ ಒಳ್ಳೆಯದು ಬ್ಯಾಕ್ಟೀರಿಯಾವನ್ನು ಬೀಜಕ್ಕೆ ಹಚ್ಚದೆ ಬಿತ್ತುವ ಸಾಲಿಗೇ ಕೊಡುವುದು. ಲೇಪಕ್ಕೆ ಕ್ಲೋರಿನ್ ಹಾಕಿದ ನಲ್ಲಿ ನೀರು ಬಳಸಬೇಡಿ. ಪೊಟ್ಟಣ ಎಷ್ಟು ದಿನದ್ದು, ಎಲ್ಲಿ ಇಟ್ಟಿದ್ದರು ಎಂದು ಕೇಳಿ. ಬಿಸಿ ಕೋಣೆಯಲ್ಲಿ ಬಿದ್ದಿದ್ದ ಪೊಟ್ಟಣದಲ್ಲಿ ಜೀವಂತ ಇರುವುದು ಎಷ್ಟು ಎಂದು ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. ಪುಡಿ ಅದೇ, ಬಣ್ಣ ಅದೇ, ಒಳಗೆ ಜೀವ ಇಲ್ಲ.

ಬಿತ್ತಿದ ಮೇಲೆ ಮೊದಲ ಮೂರು ನಾಲ್ಕು ದಿನ ಮಣ್ಣಿನ ಹಸಿ ಆರದಂತೆ ನೋಡಿಕೊಳ್ಳಿ. ಈಜಲು ನೀರು ಬೇಕು, ಹಿಡಿಯಲು ಹದಿನಾರು ಗಂಟೆ ಬೇಕು ಎಂದು ಮೇಲೆ ಹೇಳಿದೆನಲ್ಲ, ಅದಕ್ಕೆ. ಸಾವಯವ ಅಂಶ ತೀರಾ ಕಡಿಮೆ ಇರುವ ಮಣ್ಣಿನಲ್ಲಿ, ಹುಳಿ ಮಣ್ಣಿನಲ್ಲಿ ಅಜೋಸ್ಪಿರಿಲಮ್ ಸೊರಗುತ್ತದೆ. ಗಿಡ ಇಲ್ಲದ ಬರಿ ಮಣ್ಣಿನಲ್ಲಿ ಅದು ಹೆಚ್ಚು ದಿನ ಉಳಿಯುವುದಿಲ್ಲ. ಆದ್ದರಿಂದ ಹೋದ ವರ್ಷ ಹಾಕಿದ್ದು ಈ ವರ್ಷಕ್ಕೂ ಇರುತ್ತದೆ ಎಂದು ಲೆಕ್ಕ ಹಾಕಬೇಡಿ. ಮೊದಲೇ ಧಾರಾಳವಾಗಿ ಗೊಬ್ಬರ ಬಿದ್ದಿರುವ ಹೊಲದಲ್ಲಿ ಬೇರು ಹೆಚ್ಚಾದರೂ ಇಳುವರಿಯಲ್ಲಿ ವ್ಯತ್ಯಾಸ ಕಾಣದಿರಬಹುದು, ಏಕೆಂದರೆ ಗಿಡಕ್ಕೆ ಕೊರತೆಯೇ ಇರಲಿಲ್ಲ. ಮರುವರ್ಷ ನೀವು ಗೊಬ್ಬರ ಜಾಸ್ತಿ ಕೊಟ್ಟಿದ್ದರಾ ಎಂದು ನೆನಪಿಸಿಕೊಳ್ಳಿ. ಮುಂದಿನ ಸಲ ಹೊಲದಲ್ಲಿ ನಾಲ್ಕು ಸಾಲು ಲೇಪ ಮಾಡದ ಬೀಜ ಬಿತ್ತಿ. ಅದಿಲ್ಲದೆ ಫಲ ಬಂತೋ ಇಲ್ಲವೋ ಎನ್ನುವುದು ಬರೀ ಕಣ್ಣಂದಾಜು.

ಕೊನೆಯದಾಗಿ ಎರಡು ಪಟ್ಟು ಹಾಕುವ ವಿಚಾರ. ಬೇಡ. ಒಂದು ಸಸಿಗೆ ಹತ್ತು ಲಕ್ಷದಿಂದ ಒಂದು ಕೋಟಿವರೆಗೆ ಜೀವಂತ ಬ್ಯಾಕ್ಟೀರಿಯಾ ಇದ್ದರೆ ಬೇರು ಚೆನ್ನಾಗಿ ಬೆಳೆಯುತ್ತದೆ. ಅದಕ್ಕಿಂತ ತೀರಾ ಜಾಸ್ತಿಯಾದರೆ ಅದೇ ಹಾರ್ಮೋನ್ ಅತಿಯಾಗಿ ಬೇರಿನ ಉದ್ದವೇ ಕುಗ್ಗುತ್ತದೆ. ಒಳ್ಳೆಯ ಪೊಟ್ಟಣವಾದರೆ ಹೇಳಿದ ಅಳತೆಯೇ ಸಾಕು. ಸತ್ತ ಪೊಟ್ಟಣವಾದರೆ ಎರಡಲ್ಲ, ಹತ್ತು ಪಟ್ಟು ಹಾಕಿದರೂ ಅಷ್ಟೇ. ಬಿತ್ತಿದ ಹತ್ತು ದಿನಕ್ಕೆ ಲೇಪ ಮಾಡಿದ ಸಾಲಿನಿಂದ ಒಂದು ಸಸಿ, ಮಾಡದ ಸಾಲಿನಿಂದ ಒಂದು ಸಸಿ ಅಗೆದು ತೆಗೆಯಿರಿ. ಎರಡನ್ನೂ ಮೆಲ್ಲಗೆ ಕೊಡವಿ, ಮಣ್ಣಿನ ಅಂಗಿಯ ದಪ್ಪ ನೋಡಿ. ಆಮೇಲೆ ನೀರಿನಲ್ಲಿ ತೊಳೆದು, ಕಪ್ಪು ಬಟ್ಟೆಯ ಮೇಲೆ ಪಕ್ಕಪಕ್ಕ ಹರವಿ, ಪಕ್ಕದ ಬೇರುಗಳನ್ನು ಎಣಿಸಿ. ಒಂದೊಂದು ಸಾಲಿನಿಂದ ಹತ್ತು ಹತ್ತು ಸಸಿ ಎಣಿಸಿದರೆ ಇನ್ನೂ ಒಳ್ಳೆಯದು.